ಹಾಡು ಕಲಸುವ ಸೆಟ್ಟು ಮತ್ತು ಹೋಳೂರಿನ ರಾಜ

ಕೋಲಾರದ ಬಸ್ ನಿಲ್ದಾಣದ ಎದುರಿಗೆ ನನ್ನ ಬದುಕಿನ ಬಹುಪಾಲನ್ನು ನಿಂತುಕೊಂಡೇ ಕಳೆದಿದ್ದೇನೆ. ಬಸ್ಸಿಗಾಗಿ ಕಾಯುತ್ತ ಅಲ್ಲ, ಖಾದರ್ ಸಾಹೇಬರ ಎಲೆಕ್ಟ್ರಾನಿಕ್ಸ್ ಅಂಗಡಿಯ ಕೌಂಟರಿನ ಹಿಂದೆ. ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುವ, ತೊಡೆಯ ಮೇಲಿಟ್ಟುಕೊಂಡು ಸಿನಿಮಾ ನೋಡುವ ಸಣ್ಣ ಸೆಟ್ಟುಗಳೆಲ್ಲ ನನ್ನ ಪಾಲಿನವು. ಮೊದಲು ಕ್ಯಾಸೆಟ್ಟಿನವು ಬಂದವು, ಆಮೇಲೆ ತಟ್ಟೆಯಂಥ ಸಿ.ಡಿ.ಯವು, ಆಮೇಲೆ ಹೆಬ್ಬೆರಳಿನಷ್ಟು ಉದ್ದದ ಎಂಪಿತ್ರೀ, ಅದರ ಜೊತೆಜೊತೆಗೇ ಪುಟ್ಟ ಪರದೆಯ ವಿಡಿಯೋ ಸೆಟ್ಟು. ಕಡೆಗೆ ಮೊಬೈಲು ಬಂದು ಎಲ್ಲವನ್ನೂ ನುಂಗಿ ನೀರು ಕುಡಿಯಿತು. ನಾನೂ ನಿವೃತ್ತನಾಗಿ ಲಕ್ಕೂರಿನ ಮನೆ ಸೇರಿದೆ.

ಈಗ ಸಾಹೇಬರ ಮಗ ದೊಡ್ಡ ಶೋರೂಮು ತೆರೆದಿದ್ದಾನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಿ ಅಂತ ಕರೆದ. ನಾನು ಬಾಯಿ ತೆರೆದರೆ ಅಂಗಡಿ ಬಾಗಿಲು ಹಾಕುವ ಹೊತ್ತಾಗುತ್ತದೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಸೇಲ್ಸ್‌ಮನ್ ಹೋಗಿ ಸೀನಿಯರ್ ಸೇಲ್ಸ್‌ಮನ್ ಯಾವಾಗ ಆದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ನನ್ನ ಹೆಂಡತಿಗೇ ಏನೂ ಪ್ರಯೋಜನವಾಗಲಿಲ್ಲ, ಇನ್ನು ನಿಮಗೇನಾದೀತು.

ನಿಮ್ಮ ಗಿರಾಕಿಗಳು ಮೊಬೈಲಿನಲ್ಲಿ ಪಟ್ಟಿ ಹಿಡಿದುಕೊಂಡು ಬರುತ್ತಾರೆ. ಇದರ ಬ್ಯಾಟರಿ ಇಷ್ಟು, ಅದರ ತೂಕ ಅಷ್ಟು, ಇದಕ್ಕೆ ನಾಲ್ಕು ನಕ್ಷತ್ರ, ಅದಕ್ಕೆ ಮೂರೂವರೆ. ಪಟ್ಟಿಯನ್ನು ನಾನು ಹಳಿಯುವುದಿಲ್ಲ. ಆದರೆ ಆ ನಕ್ಷತ್ರ ಕೊಟ್ಟ ಪುಣ್ಯಾತ್ಮ ಸೆಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು ಹಿಪ್ಪುನೇರಳೆ ಸೊಪ್ಪು ಕೊಯ್ದಿರುವುದಿಲ್ಲ. ನಮ್ಮ ಕಡೆಯವರು ಸೊಪ್ಪು ಕೊಯ್ಯುತ್ತಾರೆ.

ಸಾಹೇಬರದು ಒಂದೇ ನಿಯಮ. ಯಾವುದು ಒಳ್ಳೆಯದು ಅಂತ ಗಿರಾಕಿ ಕೇಳಿದರೆ ಹೇಳಕೂಡದು. ಎರಡು ಸೆಟ್ಟು ಅವನ ಎರಡು ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಮಾತನಾಡದೆ ನಿಲ್ಲುವುದು ನನ್ನಂಥವನಿಗೆ ಎಂಥ ಶಿಕ್ಷೆ ಎಂಬುದು ಅವರಿಗೆ ಅರ್ಥವಾಗುತ್ತಿರಲಿಲ್ಲ, ಅಥವಾ ಚೆನ್ನಾಗಿಯೇ ಅರ್ಥವಾಗಿತ್ತು. ಧ್ವನಿಯ ವಿಚಾರದಲ್ಲಿ ಮಾತ್ರ ಅವರದೇ ಒಂದು ಪರೀಕ್ಷೆ ಇತ್ತು. ಗಿರಾಕಿಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ರಸ್ತೆ ದಾಟಿಸಿ, ಬಸ್ ನಿಲ್ದಾಣದ ನಡುಮಧ್ಯೆ ನಿಲ್ಲಿಸಬೇಕು. ಕಂಡಕ್ಟರುಗಳು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಅಂತ ಗಂಟಲು ಹರಿದುಕೊಳ್ಳುವಾಗಲೂ ಹಾಡಿನ ಮಾತು ತಿಳಿದರೆ ಸೆಟ್ಟು ಪಾಸು.

ಒಂದು ಸಲ ನಂಗಲಿ ಕಡೆಯ ಹಿರಿಯರೊಬ್ಬರನ್ನು ಹೀಗೆ ಪರೀಕ್ಷೆಗೆ ಕರೆದುಕೊಂಡು ಹೋದೆ. ಹಾಡು ಕೇಳುತ್ತ ಕೇಳುತ್ತ ಅವರು ತಮ್ಮ ಊರಿನ ಬಸ್ಸು ಹೊರಡುವುದನ್ನು ನೋಡಿ ಹತ್ತಿಬಿಟ್ಟರು. ಸೆಟ್ಟು ಅವರ ಜೇಬಿನಲ್ಲಿ, ನಾನು ನೆಲದ ಮೇಲೆ. ಓಡಿ ಹತ್ತಿದೆ. ಕದಿಯುವ ಬುದ್ಧಿ ಅವರಿಗೆ ಖಂಡಿತ ಇರಲಿಲ್ಲ. ನನ್ನನ್ನು ಕಂಡು ಸರಿದು ಜಾಗ ಕೊಟ್ಟು, “ಪಾಟ ಬಾಗುಂದಿ, ನುವ್ವೂ ಕೂರ್ಚೋ” ಅಂದರು, ಹಾಡು ಚೆನ್ನಾಗಿದೆ, ನೀನೂ ಕೂತುಕೋ ಅಂತ ತೆಲುಗಿನಲ್ಲಿ. ಅಂಗಡಿಯವರು ಊರಿನ ತನಕ ಜೊತೆಗೆ ಬಂದು ಕೇಳಿಸುತ್ತಾರೆ ಅಂತಲೇ ತಿಳಿದಿದ್ದರು. ನನಗೂ ಸೇರಿಸಿ ಟಿಕೆಟ್ ತೆಗೆಸಿದರು. ಅವರ ಮನೆಯಲ್ಲಿ ಮುದ್ದೆ, ಬಸ್ಸಾರು ಊಟ ಮಾಡಿ, ಮನೆಮಂದಿಯೆಲ್ಲ ಸರದಿಯಂತೆ ಇಯರ್‌ಫೋನ್ ಹಾಕಿಕೊಂಡು ಒಪ್ಪಿದ ಮೇಲೆ ವ್ಯಾಪಾರ ಕುದುರಿತು. ಸಂಜೆ ಅಂಗಡಿಗೆ ಮರಳಿದಾಗ ಸಾಹೇಬರು ಮೊದಲು ಸೆಟ್ಟೆಲ್ಲಿ ಅಂದರು, ಆಮೇಲೆ ಊಟ ಆಯಿತಾ ಅಂದರು.

ಶ್ರೀನಿವಾಸಪುರದ ಮಾವಿನ ತೋಪಿನವನೊಬ್ಬ ಬಂದಿದ್ದ. ಅವನಿಗೆ ಬೇಕಾಗಿದ್ದದ್ದು ಕೋತಿ ಓಡಿಸುವ ಸೆಟ್ಟು. ಸ್ಪೀಕರು ದೊಡ್ಡದಿರುವ ಕ್ಯಾಸೆಟ್ ಸೆಟ್ಟೊಂದನ್ನು ಒಯ್ದ. ಕೆಲವು ದಿನಕ್ಕೇ ವಾಪಸು ತಂದ. ಮೊದಮೊದಲು ಕೋತಿಗಳು ಓಡಿಹೋದವಂತೆ, ಆಮೇಲೆ ಹಾಡು ಹಾಕಿದರೆ ಪಕ್ಕದ ತೋಪಿನವೂ ಬರತೊಡಗಿದವಂತೆ. ಕೋತಿಗೆ ಹಿಡಿಸದ ಹಾಡು ಯಾವುದು ಅಂತ ನನ್ನನ್ನು ಕೇಳಿದ. ಸಾಹೇಬರು ಗಂಭೀರವಾಗಿ ಯೋಚಿಸಿ, ರೆಕಾರ್ಡು ಮಾಡುವ ಸೆಟ್ಟೊಂದನ್ನು ಅವನ ಮುಂದಿಟ್ಟು, ಕೋತಿಗೆ ಏನು ಹೇಳುತ್ತೀಯೋ ಅದನ್ನು ಇದಕ್ಕೇ ಹೇಳಿಬಿಡಪ್ಪ ಅಂದರು. ಅವನು ಅಲ್ಲೇ ನಿಂತು, ಹೊಟ್ಟೆಯಲ್ಲಿದ್ದ ಬೈಗುಳವನ್ನೆಲ್ಲ ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ತುಂಬಿಸಿದ. ಇಸ್ತ್ರಿಪೆಟ್ಟಿಗೆ ನೋಡಲು ಬಂದಿದ್ದ ಸಂಸಾರವೊಂದು ಎದ್ದು ಹೋಯಿತು. ಕೋತಿಗಳು ಹೋದವೋ ಇಲ್ಲವೋ ತಿಳಿಯದು, ಆ ಸುಗ್ಗಿಯಿಂದ ಪಕ್ಕದ ತೋಪಿನವನು ಅವನ ಜೊತೆ ಮಾತು ಬಿಟ್ಟ.

ವಿಡಿಯೋ ಸೆಟ್ಟಿನದು ಬೇರೆಯೇ ಪಾಡು. ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದ ಗುಮಾಸ್ತರೊಬ್ಬರು, ದಾರಿಯಲ್ಲಿ ಸಿನಿಮಾ ನೋಡಬೇಕೆಂದು ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪರದೆಯದನ್ನು ಆರಿಸಿಕೊಂಡರು. ತಿಂಗಳಾದ ಮೇಲೆ ಸೋತ ಮುಖ ಹೊತ್ತು ಬಂದರು. ಸೆಟ್ಟಿನ ಮೇಲೆ ದೂರೇನೂ ಇರಲಿಲ್ಲ. ಆದರೆ ಅದನ್ನು ತೆರೆದ ಕೂಡಲೇ ಬೋಗಿಯವರೆಲ್ಲ ಮೇಲೆ ಬೀಳುತ್ತಿದ್ದರು. ಹಿಂದಿನವರಿಗೆ ಕಾಣಲಿ ಅಂತ ಇವರಿಗೇ ತಲೆ ಬಗ್ಗಿಸಿ ಅನ್ನುತ್ತಿದ್ದರು. ಯಾವ ಸಿನಿಮಾ ಅಂತ ಹಿಂದಿನ ದಿನವೇ ತೀರ್ಮಾನವಾಗುತ್ತಿತ್ತು, ಆ ತೀರ್ಮಾನದಲ್ಲಿ ಇವರಿಗೆ ಮತವಿರಲಿಲ್ಲ. ಇದಕ್ಕಿಂತ ಚಿಕ್ಕ ಪರದೆಯದು, ಒಬ್ಬನಿಗೇ ಕಾಣುವಂಥದ್ದು ಇದೆಯೇ ಅಂತ ಕೇಳಿದರು. ಪರದೆ ದೊಡ್ಡದಾದಷ್ಟೂ ಒಳ್ಳೆಯದೆಂದು ಪಟ್ಟಿ ಹೇಳುತ್ತದೆ. ಯಾವ ರೈಲಿನಲ್ಲಿ ಅಂತ ಹೇಳುವುದಿಲ್ಲ.

ಇನ್ನು ಮುನಿಶಾಮಪ್ಪನ ವಿಷಯ. ನಿಜಕ್ಕೂ ಇದನ್ನು ಬರೆಯಲೆಂದೇ ಕೂತವನು ನಾನು.

ಹೋಳೂರಿನ ಕಡೆಯ ಒಕ್ಕಲಿಗ. ಹಿಪ್ಪುನೇರಳೆ, ಒಂದಿಷ್ಟು ತರಕಾರಿ, ಮನೆಯಲ್ಲಿ ರೇಷ್ಮೆ ಹುಳು. ವಯಸ್ಸು ಐವತ್ತು ದಾಟಿತ್ತು, ಓದು ಬರಹ ಇರಲಿಲ್ಲ. ಅವರ ಊರಿನಲ್ಲಿ ಪ್ರತಿವರ್ಷ ನಾಟಕ ಆಡುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ವೆಂಕಟಾಚಲಯ್ಯನವರು ತಾವೇ ಕಟ್ಟಿದ ರಾಜನ ಕತೆ: ರಾಜನಿಗೆ ಮದುವೆ, ಬೇಟೆ, ಮಗ ಹುಟ್ಟುವುದು, ಸೇನಾಧಿಪತಿಯ ದ್ರೋಹ, ಯುದ್ಧ, ಯುದ್ಧದಲ್ಲಿ ಮಗನ ಸಾವು. ಬೆಳಗಿನಿಂದ ಸಂಜೆಯ ತನಕ ಹಾಡೇ ಹಾಡು. ಮುನಿಶಾಮಪ್ಪ ಆ ನಾಟಕದಲ್ಲಿ ಮೀಸೆ ಕಪ್ಪಗಿದ್ದಾಗಿನಿಂದ ದ್ವಾರಪಾಲಕ. ಈಟಿ ಹಿಡಿದು ಬಾಗಿಲಲ್ಲಿ ನಿಲ್ಲುವುದು, ‘ಮಹಾಪ್ರಭು, ಯಾರೋ ಬಂದಿದ್ದಾರೆ’ ಅನ್ನುವುದು. ಆ ವರ್ಷ ಖಾಯಂ ರಾಜ ಬೈರೇಗೌಡರ ಮಂಡಿ ಹಿಡಿದುಕೊಂಡು ಸಿಂಹಾಸನ ಹತ್ತಲಾಗದೆ ಹೋಯಿತು. ಮುನಿಶಾಮಪ್ಪನ ಕಂಠ ಚೆನ್ನಾಗಿತ್ತು. ಮೇಷ್ಟ್ರು ಮನಸ್ಸಿಲ್ಲದ ಮನಸ್ಸಿನಿಂದ ರಾಜನ ಪಾತ್ರ ಅವನಿಗೆ ಕೊಟ್ಟರು. ಕಲಿಯದಿದ್ದರೆ ಬೈರೇಗೌಡರು ಕುರ್ಚಿಯ ಮೇಲೆ ಕೂತುಕೊಂಡೇ ಹಾಡುತ್ತಾರೆ, ನೀನು ಮತ್ತೆ ಬಾಗಿಲಿಗೆ ಅಂತ ಮೊದಲೇ ಹೇಳಿದ್ದರು.

ಓದಲು ಬಾರದವನು ಕಿವಿಯಿಂದಲೇ ಕಲಿಯಬೇಕು. ಮೇಷ್ಟ್ರು ಹಾಡಿಕೊಟ್ಟರೆ, ಸೊಪ್ಪು ಕೊಯ್ಯುತ್ತ ಕೇಳಿ ಬಾಯಿಪಾಠ ಮಾಡುತ್ತೇನೆ ಎಂದು ಮುನಿಶಾಮಪ್ಪ ನಮ್ಮ ಅಂಗಡಿಗೆ ಬಂದ. ಮೂರು ಥರದ ಸೆಟ್ಟು ಅವನ ಮುಂದಿಟ್ಟು ನಾನು ನಿಯಮದಂತೆ ಬಾಯಿ ಮುಚ್ಚಿದೆ. ಅವನು ಸಿ.ಡಿ. ಸೆಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಅಂಗಡಿಯ ನಡುವೆಯೇ ಬಗ್ಗಿ, ಇಲ್ಲದ ಗಿಡದಿಂದ ಇಲ್ಲದ ಸೊಪ್ಪು ಕೊಯ್ಯತೊಡಗಿದ. ಬಗ್ಗಿದಾಗೊಮ್ಮೆ ಹಾಡು ಎಗರಿತು. ಕೆಳಗಿಟ್ಟ. ಕ್ಯಾಸೆಟ್ಟಿನದು ಎಗರಲಿಲ್ಲ, ಆದರೆ ಬ್ಯಾಟರಿ ಇಳಿದರೆ ಏನಾಗುತ್ತೆ ಅಂದ. ಹಳೆಯ ಬ್ಯಾಟರಿ ಹಾಕಿ ಕೇಳಿಸಿದೆ. ಕೋಣ ಹಾಡಿದಂತಾಯಿತು. ಈ ಶ್ರುತಿಯಲ್ಲಿ ಕಲಿತರೆ ಮೇಷ್ಟ್ರು ಹಾರ್ಮೋನಿಯಂ ಎತ್ತಿ ತಲೆಗೆ ಹಾಕುತ್ತಾರೆ ಅಂತ ಅದನ್ನೂ ಕೆಳಗಿಟ್ಟ. ಹೆಬ್ಬೆರಳುದ್ದದ ಎಂಪಿತ್ರೀ ಎಗರಲೂ ಇಲ್ಲ, ಎಳೆಯಲೂ ಇಲ್ಲ. ಅದನ್ನು ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿ ಎರಡೂ ಕೈ ಬೀಸಿ ತೋರಿಸಿದ. ನಾನು ಕಂಡ ಗಿರಾಕಿಗಳಲ್ಲಿ ಇಷ್ಟು ಚೆನ್ನಾಗಿ ಹೋಲಿಸಿ ನೋಡಿದವನು ಇನ್ನೊಬ್ಬನಿಲ್ಲ.

ಮೇಷ್ಟ್ರ ಮಗ ಹಾಡುಗಳನ್ನೆಲ್ಲ ಕಂಪ್ಯೂಟರಿನಿಂದ ಅದಕ್ಕೆ ತುಂಬಿಸಿಕೊಟ್ಟನಂತೆ, ಮದುವೆಯ ಹಾಡಿನಿಂದ ಸಾವಿನ ಹಾಡಿನ ತನಕ ಸಾಲಾಗಿ. ರಾಜನ ಹಾಡಷ್ಟೇ ಅಲ್ಲ, ಅವನ ಎದುರು ನಿಂತವರ ಹಾಡೂ ಮಾತೂ ಅದರಲ್ಲಿದ್ದವು. ಅಲ್ಲಿಂದ ಎಷ್ಟೋ ವಾರ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಂತಿತು. ಮೊದಲು ಮೇಷ್ಟ್ರು ಇಳಿದರು, ಹಿಂದೆ ಟೊಮೆಟೊ ಮಂಡಿಯ ದಲ್ಲಾಳಿ ನಾಗರಾಜ, ನಾಟಕದಲ್ಲಿ ಅವನೇ ಸೇನಾಧಿಪತಿ. ಕೊನೆಗೆ ತಲೆ ತಗ್ಗಿಸಿಕೊಂಡು ಮುನಿಶಾಮಪ್ಪ.

ಹಿಂದಿನ ದಿನ ಮೊದಲನೆಯ ಪೂರ್ತಿ ಟ್ರಯಲ್ ಇತ್ತಂತೆ. ಪರದೆ ಎದ್ದ ಕೂಡಲೇ ರಾಜ ಸಿಂಹಾಸನದಿಂದಿಳಿದು, ಎದೆ ಬಡಿದುಕೊಂಡು ಮಗನ ಸಾವಿನ ಹಾಡು ಹಾಡಿದ. ಕಲ್ಲೂ ಕರಗುವ ಹಾಗೆ ಹಾಡಿದ. ಆದರೆ ಅವನಿಗೆ ಇನ್ನೂ ಮಗ ಹುಟ್ಟಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಮೇಷ್ಟ್ರು ನಿಲ್ಲಿಸಿ, ಮೊದಲಿಂದ ಹಾಡೋ ಅಂದರೆ ಯುದ್ಧದ ಹಾಡು ತೆಗೆದ. ಬೇಟೆ ಮುಗಿಸಿ ಮದುವೆಗೆ ಬಂದ. ಹಾಡು ಒಂದೂ ತಪ್ಪಿಲ್ಲ, ಒಂದರ ಹಿಂದೆ ಇನ್ನೊಂದು ಯಾವುದು ಅನ್ನುವುದು ಮಾತ್ರ ಗೊತ್ತಿಲ್ಲ.

ನಾನು ಸೆಟ್ಟು ಇಸಿದುಕೊಂಡು ನೋಡಿದೆ. ಪರದೆಯ ಮೂಲೆಯಲ್ಲಿ ಒಂದನ್ನೊಂದು ದಾಟಿಹೋಗುವ ಎರಡು ಪುಟ್ಟ ಬಾಣ. ಹಾಡುಗಳನ್ನು ತನಗೆ ತೋಚಿದಂತೆ ಹಿಂದುಮುಂದು ಕಲಸಿ ಕೇಳಿಸುವ ಗುಂಡಿಯ ಗುರುತು ಅದು. ಪಂಚೆಯ ಮಡಿಕೆಯಲ್ಲಿ ಸೊಪ್ಪು ಕೊಯ್ಯುವ ಬಿರುಸಿಗೆ ಗುಂಡಿ ತಾನೇ ಒತ್ತಿಕೊಂಡಿತ್ತು. ದಿನಕ್ಕೊಂದು ರೀತಿ ಬರುತ್ತಿದ್ದರೂ ಅನುಮಾನ ಬರಲಿಲ್ಲವೇ ಅಂತ ಕೇಳಿದೆ. ಬಂದಿತ್ತಂತೆ. ಆದರೆ ಮೇಷ್ಟ್ರು ದಾರಿಯಲ್ಲಿ ಸಿಕ್ಕಾಗಲೂ ಅವನನ್ನು ಇದ್ದಕ್ಕಿದ್ದಂತೆ ನಡುವಿನಿಂದ ಹಾಡು ಅಂತ ಪರೀಕ್ಷೆ ಮಾಡುವವರು. ಸೆಟ್ಟಿನೊಳಗೂ ಕೂತು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡನಂತೆ.

ಇಷ್ಟು ವರ್ಷ ಅದೇ ನಾಟಕದಲ್ಲಿ ನಿಂತಿದ್ದೀಯಲ್ಲೋ, ಕತೆ ಗೊತ್ತಿಲ್ಲವೇನೋ ಎಂದು ಮೇಷ್ಟ್ರು ರೇಗಿದರು. ಅದಕ್ಕೆ ಅವನು ಹೇಳಿದ ಕಾರಣ ಕೇಳಿ ಸಾಹೇಬರು ಮುಖ ತಿರುಗಿಸಿಕೊಂಡು ನಕ್ಕರು. ದ್ವಾರಪಾಲಕನಿಗೆ ಮೊದಲನೆಯ ದೃಶ್ಯದಲ್ಲಷ್ಟೇ ಕೆಲಸ. ಆಮೇಲೆ ವೇಷ ಕಳಚಿ, ಹಿಂದುಗಡೆ ಅಡಿಗೆಯವರಿಗೆ ಈರುಳ್ಳಿ ಹೆಚ್ಚಿಕೊಡುತ್ತಿದ್ದ. ರಾಜನಿಗೆ ಮುಂದೇನಾಯಿತು ಅಂತ ಅವನು ನೋಡಿಯೇ ಇರಲಿಲ್ಲ.

ನಾನು ಬಾಣದ ಗುರುತು ತೆಗೆದು ಎಲ್ಲ ಸರಿಹೋಯಿತು ಅಂದೆ. ಮೇಷ್ಟ್ರು ಒಪ್ಪಲಿಲ್ಲ. ನಾಟಕಕ್ಕೆ ಎರಡೇ ವಾರ, ಮರೆತು ಕಲಿಯುವುದು ಕಲಿಯುವುದಕ್ಕಿಂತ ಕಷ್ಟ, ಬೈರೇಗೌಡರಿಗೆ ಕುರ್ಚಿ ಹಾಕಿಸುವುದೇ ಸರಿ ಅಂದರು. ನಾಗರಾಜನೂ ಹೌದೆಂದು ತಲೆಯಾಡಿಸಿದ. ಆಗ ಮುನಿಶಾಮಪ್ಪ ತಲೆಯೆತ್ತಿದ.

“ಬಾಗಿಲು ಕಾದೂ ಕಾದೂ ಸಾಕಾಗೈತೆ ಮೇಷ್ಟ್ರೇ,” ಅಂದ. “ಒಂದು ಸಲ ಒಳಕ್ಕೆ ಬುಡಿ. ಆಮ್ಯಾಕೆ ಬೇಕಾದ್ರೆ ಸಾಯೋಗಂಟ ಕಾಯ್ತೀನಿ.”

ಇಷ್ಟು ಹೊತ್ತೂ ನಾನು ಇದನ್ನು ನಾಟಕದ ತಮಾಷೆ ಎಂದುಕೊಂಡಿದ್ದೆ. ಮೇಷ್ಟ್ರು ಕೆಮ್ಮಿ, ಬರುವ ಭಾನುವಾರ ಇನ್ನೊಂದು ಟ್ರಯಲ್, ಅದರಲ್ಲಿ ಹಿಂದುಮುಂದಾದರೆ ನನ್ನನ್ನು ಕೇಳಬೇಡ ಅಂದು ಆಟೋ ಹತ್ತಿದರು.

ಆ ವಾರ ಅವನು ಮಾಡಿದ ಉಪಾಯವನ್ನು ಅವನ ಹೆಂಡತಿ ಆಮೇಲೆ ಹೇಳಿದರು. ಹಿಪ್ಪುನೇರಳೆ ತೋಟದ ಮೊದಲ ಸಾಲು ಮದುವೆ, ಎರಡನೆಯದು ಬೇಟೆ, ಮೂರನೆಯದು ಮಗ ಹುಟ್ಟಿದ್ದು ಅಂತ ಸಾಲಿಗೊಂದು ಹೆಸರಿಟ್ಟುಕೊಂಡ. ಆ ಸಾಲಿನ ಸೊಪ್ಪು ಮುಗಿಯುವ ತನಕ ಆ ಹಾಡು ಬಿಟ್ಟು ಬೇರೆ ಹಾಡಕೂಡದು. ಕೊನೆಯ ಸಾಲಿನಲ್ಲಿ ಅವನು ಎದೆ ಬಡಿದುಕೊಂಡು ಅಳುವುದನ್ನು ದಾರಿಯಲ್ಲಿ ಹೋಗುವವರು ಕಂಡು, ಹುಳುವಿಗೆ ರೋಗ ಬಂತೇನೋ ಎಂದು ಮನೆಗೆ ಬಂದು ವಿಚಾರಿಸಿದರಂತೆ. ಭಾನುವಾರದ ಟ್ರಯಲ್ಲಿನಲ್ಲಿ ಒಂದೆರಡು ಕಡೆ ತಡವರಿಸಿದರೂ ರಾಜ ಮದುವೆಯಾಗಿಯೇ ಮಗನನ್ನು ಪಡೆದ. ಮೇಷ್ಟ್ರು ಚೆನ್ನಾಗಿತ್ತು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ನಾಟಕದ ದಿನ ಸಾಹೇಬರು ನನಗೆ ರಜೆ ಕೊಟ್ಟು ಕಳಿಸಿದರು. ನಮ್ಮ ಸೆಟ್ಟಿನ ಮಾನ ಏನಾಗುತ್ತೋ ನೋಡಿಕೊಂಡು ಬಾ ಅಂದರು. ಶಾಮಿಯಾನದ ಕೆಳಗೆ ಊರಿಗೂರೇ ಕೂತಿತ್ತು. ಮಖಮಲ್ಲಿನ ಅಂಗಿಯೊಳಗೆ ರಾಜ ಬೆವತು ತೊಪ್ಪೆಯಾಗಿದ್ದ. ಮದುವೆ ಸಾಂಗವಾಯಿತು, ಬೇಟೆಯೂ ಆಯಿತು. ಮುಂದಿನ ದೃಶ್ಯದಲ್ಲಿ ಸೇನಾಧಿಪತಿ ನಾಗರಾಜ ಬಂದು, ಅರಮನೆಯ ತೊಟ್ಟಿಲು ಬೇಗ ತೂಗಲಿ ಎಂದು ರಾಜನನ್ನು ಹರಸುವ ಹಾಡು ಶುರುಮಾಡಿದ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಪಾತ್ರಧಾರಿಯ ನೆಂಟರು ಹಾಡಿನ ನಡುವೆಯೇ ರಂಗದ ಮೇಲೆ ಹತ್ತಿ ಹಾರ ಹಾಕುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಅಲ್ಲಿಯ ತನಕ ಪಾತ್ರಧಾರಿ ಕೈಮುಗಿದು ನಿಲ್ಲಬೇಕು. ನಾಗರಾಜನಿಗೆ ಮಂಡಿಯವರೆಲ್ಲ ಹತ್ತಿದರು. ಹಾರದ ಮೇಲೆ ಹಾರ ಬಿದ್ದು ಕಣ್ಣು ಮಾತ್ರ ಕಾಣುತ್ತಿತ್ತು. ಅವರೆಲ್ಲ ಇಳಿದ ಮೇಲೆ ನಾಗರಾಜ ಹಾರದೊಳಗಿನಿಂದ ಹಾಡು ಎತ್ತಿದ. ಎತ್ತಿದ್ದು ಯುದ್ಧದ ಹಾಡು. ನಿನ್ನ ಮಗನನ್ನು ಕೊಂದು ಬಂದಿದ್ದೇನೆ ಎಂದು ರಾಜನಿಗೆ ಸವಾಲು ಹಾಕುವ ಹಾಡು.

ಮೇಷ್ಟ್ರ ಕೈ ಹಾರ್ಮೋನಿಯಂ ಮೇಲೆ ನಿಂತುಬಿಟ್ಟಿತು. ಮಂತ್ರಿಯ ಪಾತ್ರದವನು ತನ್ನ ಸರದಿ ತಪ್ಪಿಹೋಯಿತೆಂದು ಹೆದರಿ ಒಳಕ್ಕೆ ಓಡಿದ. ಅವರೆಲ್ಲ ಹಾಡು ಕಲಿತದ್ದು ಸರಪಳಿಯ ಹಾಗೆ, ಹಿಂದಿನ ಕೊಂಡಿ ಸಿಕ್ಕದೆ ಮುಂದಿನದು ಬಾಯಿಗೆ ಬರುತ್ತಿರಲಿಲ್ಲ. ನಾಗರಾಜನಿಗೂ ತಪ್ಪು ತಿಳಿಯಿತು, ಆದರೆ ಹಿಂದಕ್ಕೆ ಹೋಗುವ ದಾರಿ ತಿಳಿಯಲಿಲ್ಲ. ಕಣ್ಣು ಬಿಟ್ಟುಕೊಂಡು ನಿಂತ. ಹಿಂದುಗಡೆ ಅಡಿಗೆಯವರು ಹೌಹಾರಿದರು. ಹೀಗೇ ಮುಂದುವರಿದರೆ ಅನ್ನ ಬೇಯುವುದರೊಳಗೆ ನಾಟಕ ಮುಗಿಯುತ್ತಿತ್ತು.

ಮುನಿಶಾಮಪ್ಪ ಒಬ್ಬ ಮಾತ್ರ ಗಾಬರಿಯಾಗಲಿಲ್ಲ. ಸೊಪ್ಪಿನ ತೋಟದಲ್ಲಿ ಅಷ್ಟು ದಿನ ಅವನಿಗೆ ಆಗಿದ್ದೂ ಇದೇ. ಹುಟ್ಟಿನ ಹಿಂದೆ ಸಾವು, ಸಾವಿನ ಹಿಂದೆ ಬೇಟೆ, ಯಾವುದು ಬಂದರೂ ಹಿಡಿದುಕೊಂಡು ಅಭ್ಯಾಸ. ಅವನು ಸಿಂಹಾಸನದಿಂದ ನಿಧಾನವಾಗಿ ಇಳಿದು ಬಂದು ಸೇನಾಧಿಪತಿಯ ಹೆಗಲ ಮೇಲೆ ಕೈಯಿಟ್ಟ. ಯಾವ ಸೆಟ್ಟಿನಲ್ಲೂ ಇಲ್ಲದ ಮಾತೊಂದನ್ನು, ರಾಜನ ಗತ್ತಿನಲ್ಲೇ ಹೇಳಿದ.

“ಸೇನಾಧಿಪತಿ, ಇದು ನೀನು ಮುಂದೊಂದು ದಿನ ಆಡಬೇಕಾದ ಮಾತು. ಇವತ್ತೇ ನಿನ್ನ ಬಾಯಿಗೆ ಬಂತಲ್ಲ. ನಿನ್ನ ಹೊಟ್ಟೆಯೊಳಗೆ ಏನೈತೆ ಅಂತ ನನಗೆ ಗೊತ್ತಾಯ್ತು. ಇರಲಿ, ಮೊದಲು ನನಗೊಬ್ಬ ಮಗ ಹುಟ್ಟಲಿ.”

ಶಾಮಿಯಾನ ಹಾರಿಹೋಗುವಷ್ಟು ಶಿಳ್ಳೆ ಬಿತ್ತು. ದ್ರೋಹಿಯ ಮನಸ್ಸು ರಾಜನಿಗೆ ಮೊದಲೇ ತಿಳಿಯುವ ಸನ್ನಿವೇಶವನ್ನು ಮೇಷ್ಟ್ರು ಈ ವರ್ಷ ಹೊಸದಾಗಿ ಸೇರಿಸಿದ್ದಾರೆ ಅಂತ ನನ್ನ ಪಕ್ಕದವರು ಹೊಗಳಿದರು. ಮುನಿಶಾಮಪ್ಪ ಹಾಗೇ ನಾಗರಾಜನ ಹರಸುವ ಹಾಡಿನ ಮುಂದಿನ ಸಾಲನ್ನು ತಾನೇ ಎತ್ತಿಕೊಟ್ಟ. ನಾಗರಾಜ ನೀರಿಗೆ ಬಿದ್ದವನು ಹಗ್ಗ ಹಿಡಿದಂತೆ ಅದನ್ನು ಹಿಡಿದುಕೊಂಡ. ಹಾರ್ಮೋನಿಯಂ ಮತ್ತೆ ನುಡಿಯಿತು. ಸಂಜೆ ಮಗ ಸತ್ತಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮಾರನೆಯ ವಾರ ಮೇಷ್ಟ್ರು ಒಬ್ಬರೇ ಅಂಗಡಿಗೆ ಬಂದರು. ಅತ್ತಿತ್ತ ನೋಡಿ, ಆ ಬಾಣದ ಗುರುತಿನ ಸೆಟ್ಟು ಇನ್ನೂ ಎಷ್ಟಿವೆ ಅಂತ ಕೇಳಿದರು. ಸೇನಾಧಿಪತಿಗೆ, ಮಂತ್ರಿಗೆ, ರಾಣಿಗೆ, ಎಲ್ಲರಿಗೂ ಬೇಕಂತೆ. ಬಾಣ ಒತ್ತಿಯೇ ಕೊಡಬೇಕಂತೆ, ತೆಗೆಯುವುದು ಹೇಗೆ ಅಂತ ಯಾರಿಗೂ ಹೇಳಕೂಡದಂತೆ. ನಾನು ಒಂದೊಂದನ್ನೂ ತೆಗೆದು ಬಾಣ ಒತ್ತುತ್ತ, ಬೈರೇಗೌಡರ ಮಂಡಿ ಹೇಗಿದೆ, ಮುಂದಿನ ವರ್ಷ ಅವರೇ ರಾಜರಾಗುತ್ತಾರಾ ಅಂತ ಕೇಳಿದೆ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

“ಮಂಡಿ ವಾಸಿಯಾಗೈತೆ ಕಣಪ್ಪ, ಓಡಾಡ್ತಾವ್ರೆ,” ಅಂದರು. “ಅದಕ್ಕೇ ಕೇಳ್ದೆ, ಈಟಿ ಹಿಡ್ಕೊಂಡು ಬಾಗಿಲಲ್ಲಿ ನಿಂತ್ಕೊಳ್ತೀರಾ ಗೌಡ್ರೇ ಅಂತ.”